ಒಂದೇ ಮನೆ, ಎರಡು ಬೆಲೆ: ಅಮೆರಿಕದ ಅಪ್ರೈಸಲ್ ಜಗಳ ನಿಜಕ್ಕೂ ಯಾವುದರ ಬಗ್ಗೆ?

2022ರ ಮಾರ್ಚ್‌ನಲ್ಲಿ ಅಮೆರಿಕದ ಬೈಡನ್ ಸರ್ಕಾರ ಒಂದು ಕ್ರಿಯಾ ಯೋಜನೆ ಹೊರಡಿಸಿತು. ಮನೆಗಳಿಗೆ ಬೆಲೆ ಕಟ್ಟುವ ಕೆಲಸದಲ್ಲಿ, ಅಂದರೆ ಅಪ್ರೈಸಲ್‌ನಲ್ಲಿ, ಜನಾಂಗ ತಾರತಮ್ಯ ನಡೆಯುತ್ತಿದೆ, ಅದನ್ನು ಸರಿಪಡಿಸಬೇಕು ಎನ್ನುವುದು ಅದರ ಸಾರ. ಅದನ್ನು ರೂಪಿಸಿದ್ದು ಹದಿಮೂರು ಕೇಂದ್ರ ಸಂಸ್ಥೆಗಳು ಸೇರಿದ್ದ ಒಂದು ಕಾರ್ಯಪಡೆ; ಅದನ್ನು ಎಲ್ಲರೂ ಪೇವ್ ಎಂದು ಕರೆಯುತ್ತಿದ್ದರು. ಮೂರು ವರ್ಷ ಕಳೆಯಿತು. 2025ರ ಮಾರ್ಚ್‌ನಲ್ಲಿ ಟ್ರಂಪ್ ಸರ್ಕಾರದ ವಸತಿ ಇಲಾಖೆ ಆ ಯೋಜನೆಯ ಜೊತೆ ಬಂದಿದ್ದ ಮುಖ್ಯ ಮಾರ್ಗಸೂಚಿಗಳನ್ನು ರದ್ದು ಮಾಡಿತು. ಇದೆಲ್ಲ ಸಾಲ ಕೊಡುವವರಿಗೆ ಸುಮ್ನೆ ಹೊರೆ ಎನ್ನುವ ಧಾಟಿಯ ಕಾರಣ ಕೊಟ್ಟಿತು.

ಸುದ್ದಿ ಓದಿದವರಿಗೆ ಗೊಂದಲವಾಗುವುದು ಸಹಜ. ತಾರತಮ್ಯ ಇದೆಯೋ ಇಲ್ಲವೋ? ಒಂದು ಕಡೆಯವರು ಲಕ್ಷಗಟ್ಟಲೆ ದಾಖಲೆ ತೋರಿಸಿ ಇದೆ ಅನ್ನುತ್ತಾರೆ. ಇನ್ನೊಂದು ಕಡೆಯವರೂ ಲಕ್ಷಗಟ್ಟಲೆ ದಾಖಲೆ ತೋರಿಸಿ ಇಲ್ಲ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರು ಉತ್ತರ ಕೊಡುತ್ತಿರುವುದು ಎರಡು ಬೇರೆ ಬೇರೆ ಪ್ರಶ್ನೆಗಳಿಗೆ. ಬೆಲೆ ಕಟ್ಟುವ ಮನುಷ್ಯ ಪಕ್ಷಪಾತಿಯೇ ಅನ್ನುವುದು ಒಂದು. ಅವನ ಕೈಯಲ್ಲಿರುವ ಅಳತೆಗೋಲೇ ಓರೆಯಾಗಿದೆಯೇ ಅನ್ನುವುದು ಇನ್ನೊಂದು. ಜಗಳ ಜಾಸ್ತಿ ನಡೆದಿರುವುದು ಮೊದಲನೆಯದರ ಮೇಲೆ. ಹಣ ಜಾಸ್ತಿ ಸೋರುತ್ತಿರುವುದು ಬಹುಶಃ ಎರಡನೆಯದರಲ್ಲಿ.

ಅಪ್ರೈಸರ್ ಮಾಡುವ ಕೆಲಸ

ಅಮೆರಿಕದಲ್ಲಿ ಮನೆ ಸಾಲ ಬೇಕೆಂದರೆ ಸಾಮಾನ್ಯವಾಗಿ ಬ್ಯಾಂಕ್ ಒಬ್ಬ ಅಪ್ರೈಸರ್‌ನನ್ನು ಕಳಿಸುತ್ತದೆ. ಅವನಿಗೆ ರಾಜ್ಯದ ಪರವಾನಗಿ ಇರುತ್ತದೆ. ಅವನು ಮನೆಯೊಳಗೆ ಓಡಾಡಿ ಅಳತೆ ತೆಗೆದು, ಫೋಟೋ ಹಿಡಿದು, ಅಡುಗೆಮನೆ ಹಳೆಯದೋ ಹೊಸದೋ, ಚಾವಣಿ ಹೇಗಿದೆ ಎಂದು ಬರೆದುಕೊಂಡು ಹೋಗುತ್ತಾನೆ. ಅಸಲಿ ಕೆಲಸ ಇರುವುದು ಆಮೇಲೆ, ಕಂಪ್ಯೂಟರ್ ಮುಂದೆ.

ಅಲ್ಲಿ ಅವನು ಸುತ್ತಮುತ್ತ ಇತ್ತೀಚೆಗೆ ಮಾರಾಟವಾದ, ಇದೇ ಥರದ ಮನೆಗಳನ್ನು ಹುಡುಕುತ್ತಾನೆ. ಕಡಿಮೆ ಅಂದರೂ ಮೂರು ಬೇಕು. ವೃತ್ತಿಯವರು ಇವನ್ನು ಕಾಂಪ್ಸ್ ಅನ್ನುತ್ತಾರೆ. ಒಂದು ಕೋಷ್ಟಕ ಮಾಡಿ ಎಲ್ಲವನ್ನೂ ಪಕ್ಕಪಕ್ಕ ಇಡುತ್ತಾನೆ. ಕಾಂಪ್ ಮನೆಗೆ ಗ್ಯಾರೇಜ್ ಇದೆ, ಈ ಮನೆಗೆ ಇಲ್ಲ: ಆ ಮನೆಯ ಬೆಲೆಯಿಂದ ಇಷ್ಟು ಕಳೆ. ಈ ಮನೆಗೆ ಇನ್ನೊಂದು ಬಚ್ಚಲು ಇದೆ: ಇಷ್ಟು ಕೂಡಿಸು. ಹೀಗೆ ಕೂಡಿ ಕಳೆದು ಕೊನೆಗೆ ಒಂದೇ ಒಂದು ಅಂಕಿ ಬರೆಯುತ್ತಾನೆ.

ಆ ಅಂಕಿಗೆ ಮಾರುಕಟ್ಟೆ ಮೌಲ್ಯ ಎಂದು ಹೆಸರು. ಅದರ ಅಧಿಕೃತ ವ್ಯಾಖ್ಯೆಯನ್ನು ಗಮನವಿಟ್ಟು ನೋಡಬೇಕು. ಮುಕ್ತ ಮಾರುಕಟ್ಟೆಯಲ್ಲಿ, ತಿಳಿವಳಿಕೆಯಿಂದ ನಡೆದುಕೊಳ್ಳುವ ಕೊಳ್ಳುವವನೂ ಮಾರುವವನೂ, ಯಾವ ಒತ್ತಡವೂ ಇಲ್ಲದೆ ವ್ಯವಹಾರ ಮಾಡಿದರೆ ಆ ಮನೆಗೆ ಬರಬಹುದಾದ ಅತ್ಯಂತ ಸಂಭವನೀಯ ಬೆಲೆ. ಮನೆ ಎಷ್ಟು ಗಟ್ಟಿ, ಎಷ್ಟು ಖರ್ಚಿನಲ್ಲಿ ಕಟ್ಟಿದ್ದು, ವಾಸಕ್ಕೆ ಎಷ್ಟು ಚೆನ್ನಾಗಿದೆ ಎಂದು ಈ ವ್ಯಾಖ್ಯೆ ನೇರವಾಗಿ ಕೇಳುವುದೇ ಇಲ್ಲ. ಅದು ಕೇಳುವುದು ಒಂದೇ: ಜನ ಎಷ್ಟು ಕೊಡುತ್ತಾರೆ?

ಅಂದರೆ ಅಪ್ರೈಸರ್ ಒಬ್ಬ ಕನ್ನಡಿ ಹಿಡಿಯುವವನು. ಮಾರುಕಟ್ಟೆಯ ಮುಖ ಹೇಗಿದೆಯೋ ಹಾಗೆ ತೋರಿಸಬೇಕು. ಆದರೆ ಯಾವ ಮೂರು ಮನೆಗಳನ್ನು ಆರಿಸಬೇಕು, ಗ್ಯಾರೇಜಿಗೆ ಎಷ್ಟು ಕಳೆಯಬೇಕು, ರಸ್ತೆಯ ಆಚೆಗಿನ ಬಡಾವಣೆ ಇದೇ ಮಾರುಕಟ್ಟೆಯೋ ಬೇರೆಯೋ ಎನ್ನುವುದು ಅವನ ವಿವೇಚನೆಗೆ ಬಿಟ್ಟದ್ದು. ಕನ್ನಡಿಯನ್ನು ಯಾವ ಕೋನದಲ್ಲಿ ಹಿಡಿಯಬೇಕೆಂದು ತೀರ್ಮಾನಿಸುವವನು ಅವನೇ.

ಅಂಕಿ ಕಡಿಮೆ ಬಂದರೆ ಏನಾಗುತ್ತದೆ

ಒಂದು ಉದಾಹರಣೆ ಲೆಕ್ಕ. ಕೊಳ್ಳುವವರು, ಮಾರುವವರು 3 ಲಕ್ಷ ಡಾಲರ್‌ಗೆ ಒಪ್ಪಿದ್ದಾರೆ ಅಂದುಕೊಳ್ಳಿ. ಬ್ಯಾಂಕ್ ಬೆಲೆಯ ಶೇ. 80ರಷ್ಟು ಸಾಲ ಕೊಡುತ್ತದೆ. ಅಪ್ರೈಸಲ್ ಕೂಡ 3 ಲಕ್ಷ ಬಂದರೆ ಸಾಲ 2,40,000. ಕೊಳ್ಳುವವರು ಕೈಯಿಂದ ಹಾಕಬೇಕಾದ್ದು 60,000. ಅಪ್ರೈಸಲ್ 2,70,000 ಬಂದರೆ? ಈಗ ಸಾಲ 2,16,000 ಮಾತ್ರ. ಕೈಯಿಂದ 84,000 ಬೇಕು. ಬೆಲೆ ಕುಸಿದದ್ದು ಶೇ. 10, ನಗದಿನ ಹೊರೆ ಏರಿದ್ದು ಶೇ. 40.

ಇನ್ನೊಂದು 24,000 ಡಾಲರ್ ಕೈಯಲ್ಲಿ ಇರುವವರು ಹೇಗೋ ನಿಭಾಯಿಸುತ್ತಾರೆ. ಇಲ್ಲದವರು ಚೌಕಾಸಿಗೆ ಇಳಿಯಬೇಕು ಅಥವಾ ಮನೆ ಕೈಬಿಡಬೇಕು. ಮಾರುವವರು ದರ ಇಳಿಸಿ 2,70,000ಕ್ಕೇ ಒಪ್ಪಿದರೆ ಆ ಅಂಕಿ ದಾಖಲೆಗೆ ಹೋಗುತ್ತದೆ. ನಾಳೆ ಪಕ್ಕದ ಮನೆಗೆ ಅದೇ ಕಾಂಪ್. ಒಂದು ತಪ್ಪು ಅಂಕಿ ಹೀಗೆ ಬೀದಿಯ ಉದ್ದಕ್ಕೂ ನಡೆದುಕೊಂಡು ಹೋಗುತ್ತದೆ.

ಹಳೆ ಸಾಲ ತೀರಿಸಿ ಕಡಿಮೆ ಬಡ್ಡಿಗೆ ಹೊಸ ಸಾಲ ತೆಗೆಯುವ ರೀಫೈನಾನ್ಸ್‌ನಲ್ಲಿ ಸಮಸ್ಯೆ ಇನ್ನೊಂದು ರೀತಿಯದು. ಖರೀದಿಯಲ್ಲಾದರೆ ಅಪ್ರೈಸರ್‌ಗೆ ಒಪ್ಪಂದದ ಬೆಲೆ ಮೊದಲೇ ಗೊತ್ತಿರುತ್ತದೆ. ಬಹುಪಾಲು ಅಪ್ರೈಸಲ್‌ಗಳು ಆ ಬೆಲೆಗೆ ಸಮವಾಗಿ ಅಥವಾ ತುಸು ಮೇಲೆ ಬರುವುದು ಅದಕ್ಕೇ. ಅಳೆಯುವ ಮುಂಚೆಯೇ ಉತ್ತರ ಗೊತ್ತಿದ್ದರೆ ಅಳತೆ ಆ ಕಡೆಗೆ ವಾಲುವುದು ಮನುಷ್ಯ ಸಹಜ, ಅಲ್ವಾ? ರೀಫೈನಾನ್ಸ್‌ನಲ್ಲಿ ಅಂಥ ಆಧಾರ ಇಲ್ಲ. ವಿವೇಚನೆಗೆ ಜಾಗ ಜಾಸ್ತಿ. ದೊಡ್ಡ ಸುದ್ದಿಯಾದ ಪ್ರಕರಣಗಳು ರೀಫೈನಾನ್ಸ್‌ನಲ್ಲೇ ಹುಟ್ಟಿದ್ದು ಕಾಕತಾಳೀಯ ಅಲ್ಲ.

ಎರಡು ಮನೆಗಳು

ಮೊದಲನೆಯದು ಬಾಲ್ಟಿಮೋರ್‌ನದು. 2021ರಲ್ಲಿ ಕಪ್ಪು ಜನಾಂಗದ ಪ್ರಾಧ್ಯಾಪಕ ದಂಪತಿಯ ಮನೆಗೆ 4,72,000 ಡಾಲರ್ ಬೆಲೆ ಬಂತು. ಅವರು ಬೇರೆ ಬ್ಯಾಂಕಿಗೆ ಹೋದರು. ಈ ಸಲ ಅಪ್ರೈಸರ್ ಬರುವ ಮುಂಚೆ ಗೋಡೆಯ ಮೇಲಿನ ಕುಟುಂಬದ ಫೋಟೋಗಳನ್ನು ತೆಗೆದರು. ಬಾಗಿಲು ತೆರೆಯಲು ಬಿಳಿಯ ಸಹೋದ್ಯೋಗಿಯೊಬ್ಬರನ್ನು ನಿಲ್ಲಿಸಿದರು. ಬೆಲೆ 7,50,000 ಬಂತು. 2022ರಲ್ಲಿ ಮೊಕದ್ದಮೆ ಹೂಡಿದರು. ಸಾಲ ಸಂಸ್ಥೆ 2024ರಲ್ಲಿ ರಾಜಿಗೆ ಬಂದು ತನ್ನ ನಿಯಮ ಬದಲಿಸಲು ಒಪ್ಪಿತು. ಅಪ್ರೈಸರ್ ಮಾತ್ರ ಆರೋಪ ಅಲ್ಲಗಳೆದು, ನನ್ನ ಮಾನ ಹೋಯಿತು ಎಂದು ತಿರುಗಿ ದಾವೆ ಹಾಕಿದರು.

ಎರಡನೆಯದು ಕ್ಯಾಲಿಫೋರ್ನಿಯಾದ ಮರಿನ್ ಸಿಟಿಯದು. ಇಲ್ಲೂ ಕಥೆ ಹೆಚ್ಚುಕಡಿಮೆ ಅದೇ. ಮೊದಲ ಬೆಲೆ 9,95,000. ಫೋಟೋ ಬದಲಿಸಿ, ಬಿಳಿಯ ಗೆಳತಿಯನ್ನು ಮನೆಯೊಡತಿಯಂತೆ ನಿಲ್ಲಿಸಿದ ಮೇಲೆ 14,82,500. ಅಪ್ರೈಸರ್ ಜೊತೆಗಿನ ಮೊಕದ್ದಮೆ 2023ರಲ್ಲಿ ರಾಜಿಯಲ್ಲಿ ಮುಗಿಯಿತು.

ಓದಿದರೆ ಹೊಟ್ಟೆ ಉರಿಯುತ್ತದೆ. ಆದರೆ ಪುರಾವೆ ಎಂದು ತೂಗುವಾಗ ಸ್ವಲ್ಪ ನಿಧಾನಿಸಬೇಕು. ಎರಡೂ ಸಲ ಬಂದವರು ಬೇರೆ ಬೇರೆ ಅಪ್ರೈಸರ್‌ಗಳು. ಬಾಲ್ಟಿಮೋರ್‌ನಲ್ಲಿ ಎರಡು ಅಳತೆಗಳ ನಡುವೆ ತಿಂಗಳುಗಳು ಕಳೆದಿದ್ದವು, ಆಗ ಬೆಲೆಗಳು ಏರುತ್ತಿದ್ದವು. ಒಂದೇ ಮನೆಗೆ ಇಬ್ಬರು ಪ್ರಾಮಾಣಿಕ ಅಪ್ರೈಸರ್‌ಗಳು ಬೇರೆ ಬೇರೆ ಅಂಕಿ ಕೊಡುವುದೂ ಇದ್ದದ್ದೇ. ಹಾಗಂತ ಇಷ್ಟು ದೊಡ್ಡ ಅಂತರಕ್ಕೆ ಇವೆಲ್ಲ ಸೇರಿದರೂ ಸಮಾಧಾನದ ಉತ್ತರ ಆಗುವುದಿಲ್ಲ. ಎರಡೇ ಮನೆಗಳಿಂದ ಇಡೀ ದೇಶದ ಬಗ್ಗೆ ತೀರ್ಪು ಕೊಡುವುದೂ ಆಗುವುದಿಲ್ಲ.

ಮರಿನ್ ಸಿಟಿಯ ಪ್ರಕರಣದಲ್ಲಿ ಫೋಟೋಗಳಿಗಿಂತ ಮುಖ್ಯವಾದ ಒಂದು ವಿವರವಿದೆ. ಮೊದಲ ಅಪ್ರೈಸಲ್‌ನ ಕಾಂಪ್ಸ್ ಬಗ್ಗೆಯೇ ದೂರುದಾರರ ದೊಡ್ಡ ಆಕ್ಷೇಪ ಇತ್ತು: ಸುತ್ತಲಿನ ಶ್ರೀಮಂತ ಊರುಗಳನ್ನು ಬಿಟ್ಟು ಮರಿನ್ ಸಿಟಿಯನ್ನೇ ಪ್ರತ್ಯೇಕ ಮಾರುಕಟ್ಟೆಯಾಗಿ ನೋಡಿದ್ದಾರೆ ಎಂದು. ಆ ಊರು ಪ್ರತ್ಯೇಕವಾದದ್ದು ಹೇಗೆ? 1942ರಲ್ಲಿ ಹಡಗುಕಟ್ಟೆಯ ಕೆಲಸಗಾರರಿಗಾಗಿ ಸರ್ಕಾರ ಅದನ್ನು ಕಟ್ಟಿಸಿತು. ಯುದ್ಧ ಮುಗಿದ ಮೇಲೆ ಬಿಳಿಯ ಕೆಲಸಗಾರರು ಅಕ್ಕಪಕ್ಕದ ಊರುಗಳಲ್ಲಿ ಮನೆ ಕೊಂಡು ಹೋದರು. ಕಪ್ಪು ಜನ ಹೋಗುವಂತಿರಲಿಲ್ಲ. ಅಲ್ಲಿನ ಕ್ರಯಪತ್ರಗಳಲ್ಲೇ ಅವರಿಗೆ ಮಾರಕೂಡದು ಎಂಬ ಷರತ್ತುಗಳಿದ್ದವು. ಹಾಗಾಗಿ ಅಲ್ಲೇ ಉಳಿದರು. ಅಂದರೆ ಇಲ್ಲಿ ಅಪ್ರೈಸರ್ ಕಣ್ಣಿಗೆ ಕಾಣುವ ಮಾರುಕಟ್ಟೆಯ ಗಡಿ ತಾನಾಗಿ ಮೂಡಿದ್ದಲ್ಲ. ಅದನ್ನು ಎಳೆದದ್ದು ಆ ಷರತ್ತುಗಳು.

ಅಂಕಿಅಂಶಗಳ ಗುದ್ದಾಟ

ದೊಡ್ಡ ಲೆಕ್ಕಗಳು ಏನು ಹೇಳುತ್ತವೆ? 2021ರಲ್ಲಿ, ಬ್ಯಾಂಕುಗಳಿಂದ ಮನೆ ಸಾಲಗಳನ್ನು ಕೊಳ್ಳುವ ಫ್ರೆಡ್ಡಿ ಮ್ಯಾಕ್ ಸಂಸ್ಥೆ, ಖರೀದಿಗಾಗಿ ನಡೆದ 1.2 ಕೋಟಿಗೂ ಹೆಚ್ಚು ಅಪ್ರೈಸಲ್‌ಗಳನ್ನು ಜಾಲಾಡಿತು. ಬಿಳಿಯರು ಹೆಚ್ಚಿರುವ ಪ್ರದೇಶಗಳಲ್ಲಿ ಶೇ. 7.4ರಷ್ಟು ಮನೆಗಳಿಗೆ ಒಪ್ಪಂದದ ಬೆಲೆಗಿಂತ ಕಡಿಮೆ ಅಂಕಿ ಬಂದಿತ್ತು. ಕಪ್ಪು ಜನ ಹೆಚ್ಚಿರುವ ಕಡೆ ಇದು ಶೇ. 12.5. ಲ್ಯಾಟಿನೊ ಜನ ಹೆಚ್ಚಿರುವ ಕಡೆ ಶೇ. 15.4.

ಅದಕ್ಕೂ ಮೊದಲು, 2018ರಲ್ಲಿ ಬ್ರೂಕಿಂಗ್ಸ್ ಎಂಬ ಸಂಶೋಧನಾ ಸಂಸ್ಥೆಯ ಆಂಡ್ರೆ ಪೆರಿ ಮತ್ತು ಸಂಗಡಿಗರು ಇನ್ನೊಂದು ಲೆಕ್ಕ ಕೊಟ್ಟಿದ್ದರು. ಮನೆಯ ಗುಣಮಟ್ಟ, ಶಾಲೆ, ಅಪರಾಧ ಪ್ರಮಾಣ ಎಲ್ಲವನ್ನೂ ಸರಿದೂಗಿಸಿ ನೋಡಿದರೂ ಕಪ್ಪು ಜನರ ಬಡಾವಣೆಗಳ ಮನೆಗಳು ಸರಾಸರಿ 48,000 ಡಾಲರ್ ಕಡಿಮೆಗೆ ಹೋಗುತ್ತಿವೆ, ಒಟ್ಟು ನಷ್ಟ 15,600 ಕೋಟಿ ಡಾಲರ್ ಎಂದು.

ಅಮೆರಿಕನ್ ಎಂಟರ್‌ಪ್ರೈಸ್ ಇನ್‌ಸ್ಟಿಟ್ಯೂಟ್ ಎಂಬ ಇನ್ನೊಂದು ಸಂಶೋಧನಾ ಸಂಸ್ಥೆಯ ಎಡ್ವರ್ಡ್ ಪಿಂಟೊ, ಟೋಬಿಯಾಸ್ ಪೀಟರ್ ಇದನ್ನು ಒಪ್ಪಲಿಲ್ಲ. ಆದಾಯ, ಸಾಲದ ಇತಿಹಾಸದಂಥ ಆರ್ಥಿಕ ಸ್ಥಿತಿಯ ಅಂಶಗಳನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿದರೆ ಅಂತರದ ಬಹುಭಾಗ ಕರಗಿಹೋಗುತ್ತದೆ, ಬಡ ಬಿಳಿಯರ ಬಡಾವಣೆಗಳಲ್ಲೂ ಹೀಗೇ ಆಗುತ್ತದೆ ಎನ್ನುವುದು ಅವರ ವಾದ. 2022ರಲ್ಲಿ ಫ್ರೆಡ್ಡಿ ಮ್ಯಾಕ್‌ನಂಥದೇ ಇನ್ನೊಂದು ಸಂಸ್ಥೆ ಫ್ಯಾನಿ ಮೇ, ರೀಫೈನಾನ್ಸ್‌ನ ಸುಮಾರು 18 ಲಕ್ಷ ಅಪ್ರೈಸಲ್‌ಗಳನ್ನು ಕಂಪ್ಯೂಟರ್ ಅಂದಾಜಿನ ಜೊತೆ ಹೋಲಿಸಿತು. ಅಲ್ಲಿ ಕಂಡದ್ದು ಸ್ವಲ್ಪ ವಿಚಿತ್ರ. ಕಪ್ಪು ಮಾಲೀಕರ ಮನೆಗಳಿಗೆ ಸರಾಸರಿ ತುಸುವೇ ಕಡಿಮೆ ಬಂದಿತ್ತು. ಆದರೆ ಕಪ್ಪು ಜನರ ಬಡಾವಣೆಯಲ್ಲಿರುವ ಬಿಳಿಯರ ಮನೆಗಳಿಗೆ ಹೆಚ್ಚು ಬೆಲೆ ಕಟ್ಟಿದ್ದು ಪದೇಪದೇ ಕಂಡಿತು.

ಇವನ್ನೆಲ್ಲ ಒಟ್ಟಿಗೆ ಓದಿದರೆ ಒಂದು ಚಿತ್ರ ಸಿಗುತ್ತದೆ. ಪ್ರತಿ ಮನೆಗೂ ದ್ವೇಷದಿಂದ ಬೆಲೆ ಇಳಿಸುವ ಅಪ್ರೈಸರ್‌ಗಳ ದಂಡೇ ಇದೆ ಎನ್ನುವುದಕ್ಕೆ ದೊಡ್ಡ ದತ್ತಾಂಶದಲ್ಲಿ ಬಲವಾದ ಆಧಾರ ಇಲ್ಲ. ಬಡಾವಣೆ ಬಡಾವಣೆಗಳ ನಡುವಿನ ಅಂತರ ಮಾತ್ರ ಎಲ್ಲರ ಲೆಕ್ಕದಲ್ಲೂ ಇದೆ. ಅದರ ಕಾರಣ ಜನಾಂಗವೋ ಬಡತನವೋ ಎಂಬುದರಲ್ಲಷ್ಟೇ ಜಗಳ. ಇಲ್ಲೊಂದು ತಿರುವು ಇದೆ. ಅಮೆರಿಕದ ಫೆಡರಲ್ ರಿಸರ್ವ್ 2022ರಲ್ಲಿ ನಡೆಸಿದ ಸಮೀಕ್ಷೆ ಪ್ರಕಾರ ಬಿಳಿಯ ಕುಟುಂಬದ ಮಧ್ಯಮ ಸಂಪತ್ತು 2,85,000 ಡಾಲರ್, ಕಪ್ಪು ಕುಟುಂಬದ್ದು 44,900. ಆ ಬಡತನಕ್ಕೆ ಒಂದು ದೊಡ್ಡ ಕಾರಣವೇ ಮನೆಯ ಬೆಲೆ. "ಜನಾಂಗ ಅಲ್ಲ, ಬರೀ ಬಡತನ" ಅನ್ನುವ ಉತ್ತರ ಲೆಕ್ಕದಲ್ಲಿ ಸರಿಯಿರಬಹುದು. ಆದರೆ ಅದು ಕಾರಣವನ್ನು ಒಂದು ಹೆಜ್ಜೆ ಹಿಂದಕ್ಕೆ ತಳ್ಳುತ್ತದೆ, ಅಷ್ಟೇ.

ಪಠ್ಯಪುಸ್ತಕದಲ್ಲೇ ಇದ್ದ ಪಾಠ

ಅಪ್ರೈಸಲ್ ಒಂದು ವೃತ್ತಿಯಾಗಿ ರೂಪುಗೊಂಡದ್ದು 1930ರ ದಶಕದಲ್ಲಿ. ಅದರ ಮೊದಲ ಗುರುಗಳು ಜನಾಂಗವನ್ನು ಬೆಲೆಯ ಅಂಶ ಎಂದು ಬಹಿರಂಗವಾಗಿಯೇ ಕಲಿಸಿದರು. ಷಿಕಾಗೋದ ಹೋಮರ್ ಹಾಯ್ಟ್ 1933ರಲ್ಲಿ ಯಾವ ಜನಾಂಗದವರು ಬಂದರೆ ಭೂಮಿಯ ಬೆಲೆ ಹೇಗಿರುತ್ತದೆ ಎಂದು ಒಂದು ಶ್ರೇಣಿಯನ್ನೇ ಮುದ್ರಿಸಿದ. ಮೇಲ್ತುದಿಯಲ್ಲಿ ಇಂಗ್ಲಿಷರು, ಜರ್ಮನ್ನರು. ಕೆಳತುದಿಯಲ್ಲಿ ಕಪ್ಪು ಜನ, ಮೆಕ್ಸಿಕನ್ನರು. ಮುಂದೆ ಅವನು ಎಫ್‌ಎಚ್‌ಎಯಲ್ಲಿ, ಅಂದರೆ ಮನೆ ಸಾಲಗಳಿಗೆ ವಿಮೆ ಕೊಡುವ ಸರ್ಕಾರಿ ಸಂಸ್ಥೆಯಲ್ಲಿ, ಕೆಲಸ ಮಾಡಿದ.

1934ರಲ್ಲಿ ಹುಟ್ಟಿದ ಎಫ್‌ಎಚ್‌ಎಯ ಕೈಪಿಡಿ, ಬಡಾವಣೆ ಸ್ಥಿರವಾಗಿರಬೇಕೆಂದರೆ ಒಂದೇ ಜನಾಂಗದವರು ವಾಸಿಸುತ್ತಿರಬೇಕು ಎಂದಿತು. ಅದೇ ದಶಕದಲ್ಲಿ ಇನ್ನೊಂದು ಸರ್ಕಾರಿ ಸಂಸ್ಥೆ, ಎಚ್‌ಒಎಲ್‌ಸಿ, ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ತಯಾರಿಸಿ ಹಸಿರು, ನೀಲಿ, ಹಳದಿ, ಕೆಂಪು ಬಳಿಯಿತು. ಕಪ್ಪು ಜನರಿದ್ದ ಬಡಾವಣೆಗಳು ಬಹುತೇಕ ಕೆಂಪು, ಅಂದರೆ ಸಾಲ ಕೊಡಲು ಅಪಾಯದ ಜಾಗ. ಬಡಾವಣೆ ನೋಡಿ ಸಾಲ ನಿರಾಕರಿಸುವುದಕ್ಕೆ ರೆಡ್‌ಲೈನಿಂಗ್ ಅನ್ನುತ್ತಾರೆ; ಆ ಮಾತಿನ ಜೊತೆ ಎಲ್ಲರೂ ನೆನೆಯುವುದು ಈ ನಕ್ಷೆಗಳನ್ನೇ. ನಿಜವಾಗಿ ಸಾಲವನ್ನು ತಡೆದದ್ದು ಆ ನಕ್ಷೆಗಳಿಗಿಂತ ಎಫ್‌ಎಚ್‌ಎಯ ನಿಯಮಗಳು ಎನ್ನುವ ಇತಿಹಾಸಕಾರರೂ ಇದ್ದಾರೆ. ಬಾಗಿಲು ಮುಚ್ಚಿಸಿಕೊಂಡವರಿಗೆ ಆ ವ್ಯತ್ಯಾಸದಿಂದ ಏನೂ ಆಗಲಿಲ್ಲ.

1968ರಲ್ಲಿ ವಸತಿಯಲ್ಲಿ ತಾರತಮ್ಯ ನಿಷೇಧಿಸುವ ನ್ಯಾಯಯುತ ವಸತಿ ಕಾಯ್ದೆ ಬಂತು. ಆದರೂ ವೃತ್ತಿಯ ಪಠ್ಯಗಳಲ್ಲಿ ಹಳೆಯ ಪಾಠ ಹಾಗೇ ಉಳಿದಿತ್ತು. 1976ರಲ್ಲಿ ಸರ್ಕಾರವೇ ಅಪ್ರೈಸರ್‌ಗಳ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಬೇಕಾಯಿತು. 1977ರಲ್ಲಿ ರಾಜಿಯಾಗಿ ಆ ಮಾತುಗಳನ್ನು ತೆಗೆಸಲಾಯಿತು.

ಮಾತು ಹೋಯಿತು, ವಿಧಾನ ಉಳಿಯಿತು. ಕಾಂಪ್ಸ್ ಪದ್ಧತಿ ನಿನ್ನೆಯ ಬೆಲೆಯಿಂದ ಇಂದಿನ ಬೆಲೆ ತೆಗೆಯುತ್ತದೆ. ನಿನ್ನೆಯದು ಮೊನ್ನೆಯದರಿಂದ ಬಂದದ್ದು. ಹೀಗೆ ಹಿಂದಕ್ಕೆ ಹೋದರೆ ಸಾಲವೇ ಸಿಗದ ಕಾಲದ ಬೆಲೆಗೆ ಬಂದು ನಿಲ್ಲುತ್ತೇವೆ. ಸಮಾಜಶಾಸ್ತ್ರಜ್ಞರಾದ ಜೂನಿಯಾ ಹಾವೆಲ್ ಮತ್ತು ಎಲಿಜಬೆತ್ ಕಾರ್ವರ್-ಗ್ಲೆನ್ 1980ರಿಂದ 2015ರವರೆಗಿನ ಬೆಲೆಗಳನ್ನು ನೋಡಿ, ಬಿಳಿಯರ ಬಡಾವಣೆ ಮತ್ತು ಉಳಿದವರ ಬಡಾವಣೆಗಳ ನಡುವಿನ ಅಂತರ ಕುಗ್ಗುವ ಬದಲು ಹಿಗ್ಗಿದೆ ಎಂದು ತೋರಿಸಿದರು. ಅವರ ಬೆರಳು ತೋರುವುದು ಈ ಪದ್ಧತಿಯ ಕಡೆಗೇ. ಯಾರೂ ಕೆಟ್ಟವರಾಗದೆಯೂ ಕೆಟ್ಟ ಫಲಿತಾಂಶ ಬರಬಹುದು.

ವೃತ್ತಿಯ ಬಾಗಿಲೂ ಕಿರಿದು. ಅಪ್ರೈಸರ್‌ಗಳಲ್ಲಿ ಶೇ. 97ಕ್ಕೂ ಹೆಚ್ಚು ಬಿಳಿಯರು ಎನ್ನುವ ಕಾರ್ಮಿಕ ಅಂಕಿಅಂಶವನ್ನು ಪೇವ್ ವರದಿ ಎತ್ತಿ ಹೇಳಿತ್ತು. ಪರವಾನಗಿಗೆ ಸಾಮಾನ್ಯವಾಗಿ ಒಬ್ಬ ಹಿರಿಯನ ಕೈಕೆಳಗೆ ಸಾವಿರ ಗಂಟೆ ಅಥವಾ ಅದಕ್ಕೂ ಜಾಸ್ತಿ ಕೆಲಸ ಮಾಡಬೇಕು. ಕಲಿಸಿ ತನ್ನ ಪೈಪೋಟಿಗಾರನನ್ನೇ ತಯಾರು ಮಾಡಲು ಯಾರಿಗೆ ಮನಸ್ಸು ಬರುತ್ತದೆ? ಮಗನಿಗೆ, ಅಳಿಯನಿಗೆ ಕಲಿಸುತ್ತಾರೆ.

ಅಳತೆಗೋಲನ್ನೇ ಬದಲಿಸಿದರೆ?

ಇಲ್ಲಿಂದ ವಿಷಯ ಕುತೂಹಲಕಾರಿ ಆಗುತ್ತದೆ. ಮಾರುಕಟ್ಟೆ ಮೌಲ್ಯವೇ ಹಳೆಯ ಅನ್ಯಾಯವನ್ನು ಹೊತ್ತು ತರುತ್ತದೆ ಎಂದಾದರೆ ಬೇರೆ ಮೌಲ್ಯ ಬಳಸಬಹುದಲ್ಲ?

ಎಲ್ಲರಿಗೂ ಮೊದಲು ಹೊಳೆಯುವುದು ಯಂತ್ರ. ಮನುಷ್ಯನನ್ನು ಬಿಟ್ಟು ಕಂಪ್ಯೂಟರ್ ಮಾದರಿಯಿಂದ ಬೆಲೆ ತೆಗೆಯುವುದು. ಇದನ್ನು ಎವಿಎಂ ಅನ್ನುತ್ತಾರೆ. ಯಂತ್ರಕ್ಕೆ ಗೋಡೆಯ ಫೋಟೋ ಕಾಣುವುದಿಲ್ಲ, ನಿಜ. ಆದರೆ ಅದು ಕಲಿಯುವುದೂ ಹಳೆಯ ಮಾರಾಟಗಳಿಂದಲೇ. ಅಟ್ಲಾಂಟಾ, ಮೆಂಫಿಸ್, ವಾಷಿಂಗ್ಟನ್ ನಗರಗಳ ಮೇಲೆ ಅರ್ಬನ್ ಇನ್‌ಸ್ಟಿಟ್ಯೂಟ್ ನಡೆಸಿದ ಅಧ್ಯಯನದಲ್ಲಿ, ಮನೆಯ ಬೆಲೆಗೆ ಹೋಲಿಸಿದರೆ ಯಂತ್ರದ ತಪ್ಪಿನ ಪ್ರಮಾಣ ಕಪ್ಪು ಜನರ ಬಡಾವಣೆಗಳಲ್ಲೇ ಜಾಸ್ತಿ ಎಂದು ಕಂಡಿತು. ಈ ಮಾದರಿಗಳು ತಾರತಮ್ಯ ವಿರೋಧಿ ಕಾನೂನಿಗೆ ಒಳಪಟ್ಟಿರಬೇಕು ಎನ್ನುವ ಕೇಂದ್ರ ನಿಯಮ 2024ರಲ್ಲಿ ಅಂತಿಮವಾಗಿ, 2025ರ ಅಕ್ಟೋಬರ್ 1ರಿಂದ ಜಾರಿಗೆ ಬರುವಂತಾಯಿತು.

ಎರಡನೆಯದು ನಿರ್ಮಾಣ ವೆಚ್ಚ. ಇದೇ ಮನೆಯನ್ನು ಇಂದು ಕಟ್ಟಲು ಎಷ್ಟಾಗುತ್ತದೆ, ಅದರಲ್ಲಿ ಸವಕಳಿ ಕಳೆ, ನಿವೇಶನದ ಬೆಲೆ ಕೂಡಿಸು. ಇಟ್ಟಿಗೆ, ಮರಮುಟ್ಟುಗಳಿಗೆ ಜನಾಂಗ ಗೊತ್ತಿಲ್ಲ. ಹಾಗಾಗಿ ಇದು ನ್ಯಾಯದ ದಾರಿಯಂತೆ ಕಾಣುತ್ತದೆ. ಒಳಗೆ ಇಣುಕಿ ನೋಡಿದರೆ ಹಳೆಯ ನೆಂಟ ಅಲ್ಲೂ ಕೂತಿದ್ದಾನೆ. ನಿವೇಶನದ ಬೆಲೆ ಬರುವುದು ಮತ್ತೆ ಕಾಂಪ್ಸ್‌ನಿಂದ. ಸವಕಳಿಯಲ್ಲಿ "ಬಾಹ್ಯ ಸವಕಳಿ" ಎಂಬ ಸಾಲೊಂದಿದೆ. ಮನೆಯೊಳಗಿನ ಯಾವ ದೋಷವೂ ಅಲ್ಲ, ಸುತ್ತಲಿನ ಪರಿಸರದಿಂದ ಬೆಲೆ ಕುಗ್ಗಿದೆ ಎಂದು ಕಳೆಯುವ ಮೊತ್ತ ಅದು. ಮುಂಬಾಗಿಲಿನಿಂದ ಹೊರಗೆ ಕಳಿಸಿದ ಬಡಾವಣೆ ಹಿತ್ತಲ ಬಾಗಿಲಿನಿಂದ ಒಳಗೆ ಬಂತು.

ಮೂರನೆಯದು ಆದಾಯ. ಮನೆಯನ್ನು ಬಾಡಿಗೆಗೆ ಕೊಟ್ಟರೆ ಎಷ್ಟು ಬರುತ್ತದೆ ಎಂದು ನೋಡಿ ಬೆಲೆ ಕಟ್ಟುವುದು. ಬಡ ಬಡಾವಣೆಗಳಲ್ಲಿ ಮನೆಯ ಬೆಲೆಗೆ ಹೋಲಿಸಿದರೆ ಬಾಡಿಗೆ ಜಾಸ್ತಿಯೇ ಇರುತ್ತದೆ. ಈ ಲೆಕ್ಕ ಹಿಡಿದರೆ ಬೆಲೆ ಮೇಲೇರುತ್ತದೆ. ಆದರೆ ಬಾಡಿಗೆಯನ್ನು ಬೆಲೆಯಾಗಿ ಪರಿವರ್ತಿಸುವ ದರದಲ್ಲಿ "ಅಪಾಯ"ವನ್ನೂ ಸೇರಿಸುತ್ತಾರೆ. ಯಾವ ಬಡಾವಣೆ ಅಪಾಯದ್ದು ಎನ್ನುವ ಪ್ರಶ್ನೆಯಲ್ಲಿ ಮತ್ತೆ ಅದೇ ಕಥೆ.

ಯುರೋಪಿನಲ್ಲಿ ಇನ್ನೊಂದು ಕಲ್ಪನೆ ಇದೆ. ಜರ್ಮನಿಯಲ್ಲಿ ಸಾಲಕ್ಕೆಂದೇ ಪ್ರತ್ಯೇಕ ಮೌಲ್ಯ ಕಟ್ಟುತ್ತಾರೆ. ಇಂದಿನ ಏರಿಳಿತ ಬಿಟ್ಟು, ದೀರ್ಘಕಾಲಕ್ಕೆ ನಿಲ್ಲಬಲ್ಲ ಬೆಲೆ ಯಾವುದು ಎಂದು ನೋಡುವ ಪದ್ಧತಿ. ಅದಕ್ಕೆ 2006ರಿಂದ ಪ್ರತ್ಯೇಕ ನಿಯಮಾವಳಿಯೇ ಇದೆ. 2025ರಿಂದ ಐರೋಪ್ಯ ಒಕ್ಕೂಟದ ಬ್ಯಾಂಕ್ ನಿಯಮಗಳೂ, ಮುಂದೆ ಬೆಲೆ ಏರುತ್ತದೆ ಎನ್ನುವ ನಿರೀಕ್ಷೆಯನ್ನು ಬಿಟ್ಟು ಎಚ್ಚರಿಕೆಯಿಂದ ಅಳೆಯಿರಿ ಎನ್ನುತ್ತವೆ. ಅಮೆರಿಕದ ಕೆಲವರಿಗೆ ಇದು ಆಕರ್ಷಕವಾಗಿ ಕಾಣುತ್ತದೆ. ಒಂದು ತೊಡಕಿದೆ. ಜರ್ಮನಿಯ ಆ ಮೌಲ್ಯ ಮಾರುಕಟ್ಟೆ ಮೌಲ್ಯವನ್ನು ಮೀರುವಂತಿಲ್ಲ. ಅದು ಹುಚ್ಚು ಏರಿಕೆಗೆ ಹಾಕುವ ಮೂಗುದಾರ. ಈಗಾಗಲೇ ಕಡಿಮೆ ಬೆಲೆ ಕಟ್ಟಿಸಿಕೊಂಡ ಬಡಾವಣೆಯನ್ನು ಅದು ಒಂದು ಡಾಲರ್‌ನಷ್ಟೂ ಮೇಲೆತ್ತುವುದಿಲ್ಲ.

ಪೇವ್ ವರದಿಯಲ್ಲಿ ತೇಲಿಬಿಟ್ಟ ಒಂದು ಯೋಚನೆಗೆ ಸಿಗಬೇಕಾದ ಗಮನ ಸಿಗಲಿಲ್ಲ. ಒಂದೇ ಅಂಕಿಯ ಬದಲು ಒಂದು ವ್ಯಾಪ್ತಿ ಕೊಡುವುದು. "2,70,000" ಎನ್ನುವ ಬದಲು "2,65,000ದಿಂದ 3,00,000" ಎಂದು. ಪ್ರಾಮಾಣಿಕವಾಗಿ ನೋಡಿದರೆ ಅಪ್ರೈಸರ್‌ಗೆ ಗೊತ್ತಿರುವುದೂ ಅಷ್ಟೇ. ಒಪ್ಪಂದದ ಬೆಲೆ ಆ ವ್ಯಾಪ್ತಿಯೊಳಗೆ ಬಿದ್ದರೆ ಸಾಲ ಮುಂದುವರಿಯಬಹುದು. ಆದರೆ ಬ್ಯಾಂಕಿನ ಇಡೀ ಯಂತ್ರಾಂಗ ಶೇ. 80, ಶೇ. 90 ಎಂಬ ಗೆರೆಗಳ ಮೇಲೆ ನಿಂತಿದೆ. ಗೆರೆಗೆ ಒಂದೇ ಅಂಕಿ ಬೇಕು. ಯೋಚನೆ ಅಲ್ಲೇ ನಿಂತಿತು.

ಮಾರುಕಟ್ಟೆಯನ್ನೇ ಪಕ್ಕಕ್ಕಿಟ್ಟ ಒಂದು ಮಾದರಿಯೂ ಅಮೆರಿಕದಲ್ಲಿದೆ. ಸಮುದಾಯ ಭೂ ಟ್ರಸ್ಟ್‌ಗಳು. 1969ರಲ್ಲಿ ಜಾರ್ಜಿಯಾದಲ್ಲಿ ಕಪ್ಪು ರೈತರಿಗಾಗಿ ಇದು ಶುರುವಾಯಿತು. ಭೂಮಿ ಟ್ರಸ್ಟ್‌ನದು, ಮನೆ ಕುಟುಂಬದ್ದು. ಮರುಮಾರಾಟದ ಬೆಲೆಯನ್ನು ಸೂತ್ರ ತೀರ್ಮಾನಿಸುತ್ತದೆ. ವರ್ಮಾಂಟ್‌ನ ಚಾಂಪ್ಲೇನ್ ಹೌಸಿಂಗ್ ಟ್ರಸ್ಟ್‌ನಲ್ಲಿ ಬೆಲೆ ಏರಿಕೆಯ ಕಾಲು ಭಾಗ ಮಾರುವವರಿಗೆ, ಉಳಿದದ್ದು ಮುಂದಿನ ಕೊಳ್ಳುವವರಿಗೆ ಅಗ್ಗದ ಮನೆಯಾಗಿ ಸಿಗುತ್ತದೆ. ವಾಸಕ್ಕೆ ಚೆನ್ನ. ಆದರೆ ದೂರು ಇರುವುದೇ ಕಪ್ಪು ಕುಟುಂಬಗಳಿಗೆ ಮನೆಯಿಂದ ಸಂಪತ್ತು ಬೆಳೆಯಲಿಲ್ಲ ಎಂದು. ಏರಿಕೆಗೆ ಮಿತಿ ಹಾಕುವ ಮನೆಯನ್ನೇ ಅವರಿಗೆ ಕೊಡುವುದು ಗಾಯಕ್ಕೆ ಮದ್ದೋ ಬರೆಯೋ ಎಂದು ಕೇಳುವವರಿದ್ದಾರೆ.

ಅಂತರವನ್ನು ಯಾರು ತುಂಬಬೇಕು

ಬೇರೆ ಮೌಲ್ಯ ಬಳಸಿ ಎನ್ನುವವರು ಒಂದು ಅಪಾಯವನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಮನೆಯನ್ನು ಕೊಂಡು ರಿಪೇರಿ ಮಾಡಲು 2,50,000 ಆಗುತ್ತದೆ, ಮಾರಿದರೆ ಸಿಗುವುದು 1,80,000 ಅಂದುಕೊಳ್ಳಿ. ವೆಚ್ಚವೇ ಮೌಲ್ಯ ಎಂದು ಹೇಳಿ ಬ್ಯಾಂಕ್ 2 ಲಕ್ಷ ಸಾಲ ಕೊಟ್ಟಿತು. ನಾಳೆ ಕೆಲಸ ಹೋದರೆ ಆ ಕುಟುಂಬ ಮನೆ ಮಾರಿದರೂ ಸಾಲ ತೀರುವುದಿಲ್ಲ. ಮನೆಯೂ ಹೋಯಿತು, ಸಾಲವೂ ಉಳಿಯಿತು. 2008ರ ಕುಸಿತದಲ್ಲಿ ಮನೆಯ ಬೆಲೆಗಿಂತ ಸಾಲ ದೊಡ್ಡದಾಗಿ ಮುಳುಗಿದವರಲ್ಲಿ ಕಪ್ಪು ಮತ್ತು ಲ್ಯಾಟಿನೊ ಕುಟುಂಬಗಳು ಬಹಳ. ಹೆಚ್ಚಿನ ಅಂಕಿ ಎಂದರೆ ಯಾವಾಗಲೂ ಉಪಕಾರ ಅಲ್ಲ.

ಡೆಟ್ರಾಯಿಟ್ ಬೇರೆ ದಾರಿ ಹಿಡಿಯಿತು. ಅಲ್ಲಿ ಎಷ್ಟೋ ಮನೆಗಳ ಅಪ್ರೈಸಲ್, ಕೊಂಡು ರಿಪೇರಿ ಮಾಡುವ ವೆಚ್ಚಕ್ಕಿಂತ ತೀರಾ ಕಡಿಮೆ ಬರುತ್ತಿತ್ತು. ಸಾಲ ಸಿಗುತ್ತಿರಲಿಲ್ಲ. ಸಾಲ ಇಲ್ಲದೆ ಮಾರಾಟ ಇಲ್ಲ. ಮಾರಾಟ ಇಲ್ಲದೆ ಒಳ್ಳೆಯ ಕಾಂಪ್ಸ್ ಇಲ್ಲ. 2016ರಲ್ಲಿ ಶುರುವಾದ ಡೆಟ್ರಾಯಿಟ್ ಹೋಮ್ ಮಾರ್ಟ್‌ಗೇಜ್ ಎಂಬ ಯೋಜನೆ ಅಪ್ರೈಸಲ್ ಅಂಕಿಯನ್ನು ಮುಟ್ಟಲಿಲ್ಲ. ಆ ಅಂಕಿಯ ಮೇಲೆ ಮೊದಲ ಸಾಲ, ಉಳಿದ ಅಂತರಕ್ಕೆ 75,000 ಡಾಲರ್‌ವರೆಗೆ ಎರಡನೆಯ ಸಾಲ ಕೊಟ್ಟಿತು. ಬೀದಿಯಲ್ಲಿ ಒಂದಷ್ಟು ನಿಜವಾದ ಮಾರಾಟ ನಡೆದರೆ ಮುಂದಿನವರಿಗೆ ಕಾಂಪ್ಸ್ ತಾನಾಗಿ ಸಿಗುತ್ತದೆ ಎನ್ನುವ ಲೆಕ್ಕಾಚಾರ. ಯೋಜನೆ ಚಿಕ್ಕದು. ಆದರೆ ಯೋಚನೆ ನೇರ: ಕನ್ನಡಿಯನ್ನು ತಿದ್ದಬೇಡ, ಮುಖಕ್ಕೆ ಊಟ ಹಾಕು. ಇದೇ ಅಂತರವನ್ನು ತೆರಿಗೆ ರಿಯಾಯಿತಿಯಿಂದ ತುಂಬುವ ಮಸೂದೆಯೊಂದು ಅಮೆರಿಕದ ಸಂಸತ್ತಿನಲ್ಲಿ ವರ್ಷಗಳಿಂದ ಮತ್ತೆ ಮತ್ತೆ ಮಂಡನೆಯಾಗುತ್ತ ಬಂದಿದೆ. ಇತಿಹಾಸದ ಬಾಕಿಯನ್ನು ಸಾಲಗಾರನ ಹೆಗಲಿಗೆ ಹಾಕದೆ ಸಾರ್ವಜನಿಕ ಖಜಾನೆಯಿಂದ ತೀರಿಸುವ ಈ ದಾರಿಯೇ ಉಳಿದವುಗಳಿಗಿಂತ ಪ್ರಾಮಾಣಿಕವಾದದ್ದು. ಆದರೆ ಅದಕ್ಕೆ ದುಡ್ಡು ಬೇಕು. ಅಪ್ರೈಸರ್‌ನನ್ನು ಬಯ್ಯಲು ದುಡ್ಡು ಬೇಡ.

ತೆರಿಗೆಯ ಹೊತ್ತಿಗೆ ಬೆಲೆ ಏರುತ್ತದೆ

ಈ ಇಡೀ ಚರ್ಚೆಯಲ್ಲಿ ಕಡಿಮೆ ಕೇಳಿಬರುವ ಒಂದು ಸಂಗತಿ. ಆಸ್ತಿ ತೆರಿಗೆಗಾಗಿ ಸ್ಥಳೀಯ ಸರ್ಕಾರ ಬೇರೆಯೇ ಬೆಲೆ ಕಟ್ಟುತ್ತದೆ. ಅರ್ಥಶಾಸ್ತ್ರಜ್ಞರಾದ ಕಾರ್ಲೋಸ್ ಅವೆನಾನ್ಸಿಯೊ-ಲಿಯಾನ್ ಮತ್ತು ಟ್ರೂಪ್ ಹೊವಾರ್ಡ್ ದೇಶದ ಉದ್ದಗಲದ ದಾಖಲೆ ನೋಡಿ, ಅದೇ ಸಾರ್ವಜನಿಕ ಸೇವೆಗೆ ಕಪ್ಪು ಮತ್ತು ಲ್ಯಾಟಿನೊ ಮಾಲೀಕರು ಶೇ. 10ರಿಂದ 13ರಷ್ಟು ಹೆಚ್ಚು ತೆರಿಗೆ ಹೊರುತ್ತಿದ್ದಾರೆ ಎಂದು ತೋರಿಸಿದರು.

ಕಾರಣ? ತೆರಿಗೆ ಲೆಕ್ಕದ ಮಾದರಿ ಮನೆಯ ಕೋಣೆ, ಅಳತೆಗಳನ್ನು ಚೆನ್ನಾಗಿ ನೋಡುತ್ತದೆ, ಬಡಾವಣೆಯನ್ನು ಅಷ್ಟಾಗಿ ನೋಡುವುದಿಲ್ಲ. ಹಾಗಾಗಿ ಮಾರುಕಟ್ಟೆ ಕಡಿಮೆ ಕೊಡುವ ಕಡೆಯೂ ತೆರಿಗೆಗೆ ಹೆಚ್ಚಿನ ಮೌಲ್ಯ ಬೀಳುತ್ತದೆ. ಬಡಾವಣೆಯನ್ನು ಲೆಕ್ಕಿಸದ ಮೌಲ್ಯ ಬೇಕು ಎನ್ನುವವರ ಆಸೆ ಇಲ್ಲಿ ಈಡೇರಿದೆ, ಅವರು ಬಯಸದ ಜಾಗದಲ್ಲಿ. ಸಾಲ ಕೇಳುವಾಗ ಕಡಿಮೆ ಬೆಲೆಯ ಮನೆ, ತೆರಿಗೆ ಕಟ್ಟುವಾಗ ಜಾಸ್ತಿ ಬೆಲೆಯ ಮನೆ.

ರದ್ದತಿಯ ನಂತರ

2025ರಲ್ಲಿ ಹೋದದ್ದು ಏನು, ಉಳಿದದ್ದು ಏನು? ಎಫ್‌ಎಚ್‌ಎ ಸಾಲಗಳಲ್ಲಿ ಅಪ್ರೈಸಲ್ ತಪ್ಪೆನಿಸಿದರೆ ಸಾಲಗಾರ ಮರುಪರಿಶೀಲನೆ ಕೇಳಲು 2024ರ ಮೇನಲ್ಲಿ ರೂಪಿಸಿದ್ದ ವಿವರವಾದ ವಿಧಾನ ಹೋಯಿತು. ಕಾನೂನುಗಳು ಉಳಿದಿವೆ. 1968ರ ವಸತಿ ಕಾಯ್ದೆ, 1974ರ ಸಮಾನ ಸಾಲಾವಕಾಶ ಕಾಯ್ದೆ ಎರಡೂ ಹಾಗೇ ಇವೆ. ಆದರೆ 2025ರ ಏಪ್ರಿಲ್‌ನ ಅಧ್ಯಕ್ಷೀಯ ಆದೇಶವೊಂದು, ಉದ್ದೇಶ ಇಲ್ಲದಿದ್ದರೂ ಪರಿಣಾಮ ತಾರತಮ್ಯವಾಗಿದ್ದರೆ ಸಾಕು ಎನ್ನುವ ವಾದವನ್ನು ಕೇಂದ್ರ ಸಂಸ್ಥೆಗಳು ಆದಷ್ಟು ಬಿಡಬೇಕು ಎಂದಿದೆ. ಮೇಲೆ ನೋಡಿದಂತೆ ಅಪ್ರೈಸಲ್ ಸಮಸ್ಯೆಯ ದೊಡ್ಡ ಪಾಲು ಇರುವುದೇ ಉದ್ದೇಶವಿಲ್ಲದ ಪರಿಣಾಮದಲ್ಲಿ. ಸರ್ಕಾರ ಇನ್ನು ಮುಂದೆ ಹುಡುಕುವುದು ಕೆಟ್ಟ ಮನುಷ್ಯನನ್ನು ಮಾತ್ರ ಎಂದಾದರೆ ಅದಕ್ಕೆ ಸಿಗುವುದು ಕೆಲವೇ ಕೆಲವು ಪ್ರಕರಣ.

ಮರುಪರಿಶೀಲನೆಯ ವಿಧಾನವನ್ನು ಕೈಬಿಟ್ಟದ್ದಕ್ಕೆ ಒಳ್ಳೆಯ ಸಮರ್ಥನೆ ಕಾಣುವುದಿಲ್ಲ. ಅದು ಯಾರಿಗೂ ಹೆಚ್ಚಿನ ಬೆಲೆ ಕೊಡಿ ಎನ್ನುತ್ತಿರಲಿಲ್ಲ. ಈ ಕಾಂಪ್ಸ್ ಯಾಕೆ, ಆ ಕಾಂಪ್ಸ್ ಯಾಕಲ್ಲ ಎಂದು ಕೇಳಲು ಒಂದು ದಾರಿ ಕೊಡುತ್ತಿತ್ತು. ಅಪ್ರೈಸರ್ ಕೋಣೆಗಳನ್ನು ತಪ್ಪಾಗಿ ಎಣಿಸಿದ್ದರೆ ಬಿಳಿಯ ಮಾಲೀಕರಿಗೂ ಅದೇ ದಾರಿ. ನಿವೃತ್ತ ಯೋಧರ ಸಾಲಗಳಲ್ಲಿ ಟೈಡ್‌ವಾಟರ್ ಎಂಬ ಪದ್ಧತಿ ಮೊದಲಿನಿಂದ ಇದೆ: ಬೆಲೆ ಒಪ್ಪಂದಕ್ಕಿಂತ ಕಡಿಮೆ ಬರುವ ಹಾಗಿದ್ದರೆ ಅಪ್ರೈಸರ್ ಅಂಕಿ ಬರೆಯುವ ಮುಂಚೆಯೇ ತಿಳಿಸಿ, ಬೇರೆ ಮಾರಾಟದ ವಿವರ ಇದ್ದರೆ ಕೊಡಿ ಎನ್ನುತ್ತಾನೆ. ಅದನ್ನು ಯಾರೂ ಸಿದ್ಧಾಂತದ ಹೇರಿಕೆ ಅನ್ನಲಿಲ್ಲ.

ಗದ್ದಲವಿಲ್ಲದೆ ನಡೆಯುತ್ತಿರುವ ಬದಲಾವಣೆಯೊಂದಿದೆ. ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಅಪ್ರೈಸಲ್ ವರದಿಯ ನಮೂನೆಯನ್ನೇ ಹೊಸದಾಗಿ ಮಾಡಿವೆ. 2026ರ ನವೆಂಬರ್ 2ರಿಂದ ಅದನ್ನೇ ಬಳಸಬೇಕು ಎಂದು ಗಡುವು ಇಟ್ಟಿವೆ. ಹಳೆಯ ನಮೂನೆಯಲ್ಲಿ ಅಪ್ರೈಸರ್ ತನ್ನ ಮಾತಿನಲ್ಲಿ ಬರೆಯುವ ಜಾಗ ಜಾಸ್ತಿ ಇತ್ತು. 2021ರಲ್ಲಿ ವಸತಿ ಹಣಕಾಸು ನಿಯಂತ್ರಣ ಸಂಸ್ಥೆ ಅಂಥ ಬರಹಗಳನ್ನು ತಡಕಿದಾಗ ಬಡಾವಣೆಯ ಜನಾಂಗದ ಬಗ್ಗೆ ನೇರ ಮಾತುಗಳೇ ಸಿಕ್ಕಿದ್ದವು, ಕಾಯ್ದೆ ಬಂದು ಅರ್ಧ ಶತಮಾನ ಕಳೆದ ಮೇಲೂ. ಹೊಸದರಲ್ಲಿ ಬಹುಪಾಲು ವಿವರವನ್ನು ಗೊತ್ತುಮಾಡಿದ ಖಾನೆಗಳಲ್ಲಿ ತುಂಬಬೇಕು. ಯಾವ ಹೊಂದಾಣಿಕೆಗೆ ಎಷ್ಟು ಕಳೆದರು ಎಂಬುದನ್ನು ಲಕ್ಷಾಂತರ ವರದಿಗಳಲ್ಲಿ ಹೋಲಿಸುವುದು ಇದರಿಂದ ಸುಲಭವಾಗುತ್ತದೆ. ಆ ಹೋಲಿಕೆಯ ಫಲಿತಾಂಶವನ್ನು ಹೊರಗಿನವರಿಗೆ ತೋರಿಸುತ್ತಾರೋ ಇಲ್ಲವೋ ಎಂಬುದನ್ನು ಕಾದು ನೋಡಬೇಕು.

ಅಲ್ಲಿಯವರೆಗೆ, ಕಡಿಮೆ ಅಂಕಿ ಬಂದ ಮನೆಯವರ ಕೈಯಲ್ಲಿ ಇರುವುದು ಇಷ್ಟು: ಅಪ್ರೈಸಲ್‌ನ ಪ್ರತಿಯನ್ನು ಸಾಲ ಸಂಸ್ಥೆ ಕೊಡಲೇಬೇಕು, ಅದಕ್ಕೆ ಬೇರೆ ಶುಲ್ಕ ಕೇಳುವಂತಿಲ್ಲ. ಅದರಲ್ಲಿ ಮೊದಲು ನೋಡಬೇಕಾದ್ದು ಕೊನೆಯ ಮೊತ್ತವಲ್ಲ, ಕಾಂಪ್ಸ್‌ನ ವಿಳಾಸಗಳು. ಮೂರೂ ವಿಳಾಸ ಒಂದೇ ರಸ್ತೆಯ ಈಚೆಗೇ ಇದ್ದು, ಆಚೆಗೆ ನೂರು ಅಡಿ ದೂರದಲ್ಲಿ ಇದೇ ಥರದ ಮನೆ ಮೊನ್ನೆ ತಾನೇ ಮಾರಾಟವಾಗಿದ್ದರೆ, ಆ ದಾಖಲೆಯ ಜೊತೆ ಸಾಲ ಸಂಸ್ಥೆಗೆ ಒಂದು ಪತ್ರ ಬರೆಯಬಹುದು.